ತೋಟಾ ಕೂರುವ ಮನೆ

ಸೆಪ್ಟೆಂಬರಿನ ಮೊದಲ ವಾರ, ಗದ್ದೆಯ ನಾಟಿ ಮುಗಿದ ಮೇಲೆ, ಕೊಡಗಿನ ಐನ್‌ಮನೆಗಳಲ್ಲಿ ಕೈಲ್ ಪೊಳ್ದ್ ಬರುತ್ತದೆ. ಮನೆಯ ಕೋವಿಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ, ಕನ್ನಿಕೋಂಬರೆಯಲ್ಲಿ ಸಾಲಾಗಿ ನಿಲ್ಲಿಸಿ, ತೋಕ್ ಪೂವಿನಿಂದ ಸಿಂಗರಿಸುತ್ತಾರೆ. ಕೊಡವ ಮಾತಿನಲ್ಲಿ ತೋಕ್ ಎಂದರೆ ಕೋವಿ. ಆ ಹೂವಿಗೆ ಕೋವಿಯ ಹೆಸರೇ ಬಿದ್ದಿದೆ. ಪೂಜೆ, ಊಟ ಮುಗಿದ ಮೇಲೆ ಮಂದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ.

ಪೂಜೆಗಿಟ್ಟ ಕೋವಿಗಳು ನೋಡುವವರ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ತರ ಕಾಣುತ್ತವೆ. ಒಂದು ಮರದ ಹಿಡಿ, ಒಂದೋ ಎರಡೋ ನಳಿಗೆ. ಆದರೆ ಒಂದರ ತೋಟಾ ಇನ್ನೊಂದಕ್ಕೆ ಆಗುವುದಿಲ್ಲ. ಆಗುತ್ತದೆ ಎಂದುಕೊಂಡು ಹಾಕಿದರೆ ಕೈಯೋ ಕಣ್ಣೋ ಹೋಗಬಹುದು. ಈ ವ್ಯತ್ಯಾಸ ಇರುವುದು ಹೊರಗೆ ಕಾಣದ ಒಂದು ಜಾಗದಲ್ಲಿ, ನಳಿಗೆಯ ಬುಡದ ಎರಡು ಮೂರು ಅಂಗುಲದ ಪೊಳ್ಳಿನಲ್ಲಿ. ಅದಕ್ಕೆ ಚೇಂಬರ್ ಎನ್ನುತ್ತಾರೆ. ತೋಟಾ ಕೂರುವ ಮನೆ ಅದು.

ಆ ಪೊಳ್ಳಿನ ಅಳತೆಯನ್ನು ಯಂತ್ರಶಿಲ್ಪಿಗಳು ನಿರ್ಧರಿಸುತ್ತಾರೆ ಎಂದು ನಾವು ತಿಳಿಯುತ್ತೇವೆ. ಭಾರತದಲ್ಲಿ ನೂರೈವತ್ತು ವರ್ಷಗಳಿಂದ ಅದನ್ನು ಸರ್ಕಾರವೂ ನಿರ್ಧರಿಸುತ್ತ ಬಂದಿದೆ. ಯಾರ ಕೈಯಲ್ಲಿ ಯಾವ ಕೋವಿ ಇರಬೇಕು ಎಂಬ ಪ್ರಶ್ನೆ ನಿಧಾನವಾಗಿ ಯಾರ ಕೋವಿಯಲ್ಲಿ ಯಾವ ತೋಟಾ ಕೂರಬೇಕು ಎಂಬ ಪ್ರಶ್ನೆಯಾದ ಕಥೆ ಇದು.

ಕೇಪಿನ ಕೋವಿಗೆ ಹೊಂದದ ಗುಂಡಿಲ್ಲ

ಮಲೆನಾಡಿನ ಹಳೆಯ ಕೇಪಿನ ಕೋವಿಗೆ ಚೇಂಬರ್ ಎಂಬುದೇ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೊಂದು ಅಡಕು ಹಾಕಿ, ಗಜದಿಂದ ಜಡಿದು, ಚರೆಯನ್ನೋ ಗುಂಡನ್ನೋ ಇಳಿಸಿ, ಬುಡದ ಮೊಲೆಗೆ ಕೇಪು ಸಿಕ್ಕಿಸಿದರೆ ಈಡು ಸಿದ್ಧ. ಗುಂಡು ನಳಿಗೆಯೊಳಗೆ ಇಳಿದರೆ ಸಾಕು. ಅದನ್ನು ಯಾವ ಕಾರ್ಖಾನೆ ಮಾಡಿತು, ಅದಕ್ಕೆ ಯಾವ ನಂಬರು ಎಂದು ಯಾರೂ ಕೇಳುವುದಿಲ್ಲ. ಸೀಸ ಕರಗಿಸಿ ಮನೆಯಲ್ಲೇ ಗುಂಡು ಎರಕ ಹೊಯ್ದ ಕಾಲವಿತ್ತು. ಇಂಥ ಕೋವಿ ಇಟ್ಟುಕೊಂಡವನು ನಿಧಾನಿಯಾಗಿದ್ದ, ಆದರೆ ಯಾರ ಹಂಗಿನಲ್ಲೂ ಇರಲಿಲ್ಲ.

ಬುಡದಿಂದ ತೋಟಾ ತುಂಬುವ ಕೋವಿ ಬಂದಾಗ ಲೆಕ್ಕ ಬದಲಾಯಿತು. ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕೇಪಿಗೆ ಪೆಟ್ಟು ಬಿದ್ದು ಮದ್ದು ಹೊತ್ತಿದಾಗ ರೈಫಲ್ಲಿನ ಚೇಂಬರಿನಲ್ಲಿ ಏಳುವ ಒತ್ತಡ ಕಾರಿನ ಟೈರಿನಲ್ಲಿರುವುದರ ಸಾವಿರ ಪಟ್ಟಿಗೂ ಹೆಚ್ಚು. ಆ ಕ್ಷಣದಲ್ಲಿ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟುವುದರಿಂದಲೇ ಬಿಸಿ ಅನಿಲ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ, ನುಗ್ಗುವುದಿಲ್ಲ. ಗುಂಡು ನಳಿಗೆ ಬಿಟ್ಟ ಮೇಲೆ ಒತ್ತಡ ಇಳಿಯುತ್ತದೆ, ಹಿತ್ತಾಳೆ ತುಸು ಕುಗ್ಗುತ್ತದೆ, ಖಾಲಿ ತೋಟಾ ಹೊರಗೆ ಬರುತ್ತದೆ.

ಅಂದರೆ ಉಕ್ಕು ಮತ್ತು ಹಿತ್ತಾಳೆ ಒಂದಕ್ಕೊಂದು ಆತುಕೊಂಡು ಕೆಲಸ ಮಾಡುತ್ತವೆ. ಚೇಂಬರ್ ಹೆಚ್ಚು ಸಡಿಲವಾಗಿದ್ದರೆ ಹಿತ್ತಾಳೆ ಅಳತೆ ಮೀರಿ ಹಿಗ್ಗಿ ಸೀಳುತ್ತದೆ. ಹೆಚ್ಚು ಬಿಗಿಯಾಗಿದ್ದರೆ ತೋಟಾ ಒಳಗೆ ಹೋಗುವುದಿಲ್ಲ, ಹೋದರೂ ಹೊಡೆದ ಮೇಲೆ ಕಚ್ಚಿಕೊಂಡು ಹೊರಗೆ ಬರುವುದಿಲ್ಲ. ತೋಟಾ ಒಳಗೆ ಎಷ್ಟು ದೂರ ಹೋಗಿ ನಿಲ್ಲಬೇಕು ಎಂಬುದಕ್ಕೂ ಒಂದು ತಡೆ ಬೇಕು. ಕೆಲವು ತೋಟಾಗಳಲ್ಲಿ ಬುಡದ ಅಗಲವಾದ ಅಂಚೇ ಆ ತಡೆ. ಇನ್ನು ಕೆಲವಕ್ಕೆ ಅಂಚಿಲ್ಲ. ಬಿಂದಿಗೆಯ ಕತ್ತಿನಂತೆ ಕಿರಿದಾಗುವ ಜಾಗದಲ್ಲಿ ಅವುಗಳಿಗೊಂದು ಭುಜವಿರುತ್ತದೆ, ಅದು ಚೇಂಬರಿನ ಭುಜಕ್ಕೆ ತಾಗಿ ನಿಲ್ಲುತ್ತದೆ. ಈ ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಲೆಕ್ಕಕ್ಕೆ ಬರುತ್ತದೆ.

ಇಷ್ಟು ಕರಾರುವಾಕ್ಕಾದ ವಸ್ತುವನ್ನು ಅಡುಗೆಮನೆಯ ಒಲೆಯ ಮುಂದೆ ಕೂತು ಮಾಡಲಾಗುವುದಿಲ್ಲ. ತೋಟಾ ಕೋವಿ ಕೊಂಡವನು ಕೋವಿಯ ಜೊತೆಗೆ ಒಂದು ಕಾರ್ಖಾನೆಯನ್ನೂ ಕಟ್ಟಿಕೊಂಡ. ಆ ಕಾರ್ಖಾನೆ ಯಾರದೋ, ಕೊನೆಯ ಮಾತು ಅವರದು.

1857: ಒಂದು ಕಾಗದದ ತೋಟಾ, ಒಂದು ಹಳ್ಳಿ

ಚೇಂಬರ್ ಬರುವ ಮೊದಲೇ ತೋಟಾ ಮತ್ತು ನಳಿಗೆಯ ಹೊಂದಾಣಿಕೆ ಭಾರತದ ಚರಿತ್ರೆಯನ್ನು ಒಮ್ಮೆ ಅಲ್ಲಾಡಿಸಿತ್ತು. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಬಾಯಿಂದ ತುಂಬುವ ಕೋವಿ. ಅದರ ನಳಿಗೆ .577 ಅಂಗುಲ, ಒಳಗೆ ತಿರುಪು ಗೆರೆಗಳು. ಗುಂಡು ಗೆರೆಗಳನ್ನು ಬಿಗಿಯಾಗಿ ಹಿಡಿಯಬೇಕು, ಆದರೆ ಬಾಯಿಂದ ಇಳಿಸುವಾಗ ಸಲೀಸಾಗಿ ಇಳಿಯಬೇಕು. ಹತ್ತಿಪ್ಪತ್ತು ಈಡು ಹೊಡೆದು ಮಸಿ ಕಟ್ಟಿದ ನಳಿಗೆಯಲ್ಲೂ ಇಳಿಯಬೇಕು. ಇದಕ್ಕೆ ಕಂಡುಕೊಂಡ ಉಪಾಯವೆಂದರೆ ನಳಿಗೆಗಿಂತ ತುಸು ಸಣ್ಣ ಗುಂಡನ್ನು ಕಾಗದದಲ್ಲಿ ಸುತ್ತಿ, ಆ ಕಾಗದಕ್ಕೆ ಜಿಡ್ಡು ಸವರುವುದು. ಮದ್ದು ಹೊತ್ತಿದಾಗ ಗುಂಡಿನ ಟೊಳ್ಳು ಬುಡ ಅಗಲವಾಗಿ ಗೆರೆಗಳನ್ನು ಕಚ್ಚುತ್ತದೆ. ಸಿಪಾಯಿ ತೋಟಾದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು.

ಆ ಜಿಡ್ಡು ಯಾವ ಪ್ರಾಣಿಯದು ಎಂಬ ಪ್ರಶ್ನೆಯಿಂದ ಎದ್ದ ಕಿಚ್ಚು ಎಲ್ಲರಿಗೂ ಗೊತ್ತು. 1857ರ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ, ಏಪ್ರಿಲ್ 24ರಂದು ಮೀರತ್ತಿನಲ್ಲಿ ತೋಟಾ ಮುಟ್ಟಲೊಪ್ಪದ 85 ಸವಾರರು. ಮೀರತ್ತಿನಲ್ಲಿ ಅವರ ಮುಂದಿಟ್ಟದ್ದು ಹೊಸ ಎನ್‌ಫೀಲ್ಡಿನ ತೋಟಾ ಆಗಿರಲಿಲ್ಲ, ಹಿಂದಿನಿಂದ ಬಳಸುತ್ತಿದ್ದ ಹಳೆಯ ತರದ್ದೇ. ಕಚ್ಚುವ ಬದಲು ಕೈಯಿಂದ ಹರಿಯಬಹುದು ಎಂಬ ಸವಲತ್ತನ್ನೂ ಕೊಟ್ಟಾಗಿತ್ತು. ಅಷ್ಟರಲ್ಲಿ ನಂಬಿಕೆ ಮುರಿದಿತ್ತು. ತೋಟಾ ನಳಿಗೆಗೆ ಹೊಂದಿದರೂ ಅದನ್ನು ಹಿಡಿಯುವ ಮನುಷ್ಯನಿಗೆ ಹೊಂದಲಿಲ್ಲ.

ದಂಗೆಗೆ ಕಂಪನಿ ಸರ್ಕಾರದ ಉತ್ತರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವುದು. ಅದರ ಬಿಸಿ ಕನ್ನಡ ನಾಡಿನಲ್ಲಿ ಮೊದಲು ತಟ್ಟಿದ್ದು ಮುಧೋಳದ ಬಳಿಯ ಹಲಗಲಿಗೆ. ಹತಾರಗಳನ್ನು ಒಪ್ಪಿಸಿ ಎಂಬ ಹುಕುಂ ಬಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು ಅವರ ಕಸುಬು. ಹತಾರವಿಲ್ಲದೆ ಅವರಿಗೆ ಹೊಟ್ಟೆಪಾಡೂ ಇಲ್ಲ, ಮಾನವೂ ಇಲ್ಲ. 1857ರ ನವೆಂಬರಿನಲ್ಲಿ ಕಂಪನಿಯ ದಂಡು ಹಳ್ಳಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಸೆರೆಸಿಕ್ಕ ಮುಂದಾಳುಗಳನ್ನು ಗಲ್ಲಿಗೇರಿಸಿದರು. ಹಲಗಲಿಯ ಲಾವಣಿಯನ್ನು ಮುಂದೆ ಫ್ಲೀಟ್ ಸಂಗ್ರಹಿಸಿದ್ದರಿಂದ ಆ ಕಥೆ ಇಂದಿಗೂ ಶಾಲೆಯ ಪಾಠದಲ್ಲಿ ಉಳಿದಿದೆ. ಮರುವರ್ಷ ನರಗುಂದದ ಬಾಬಾಸಾಹೇಬನ ಬಂಡಾಯಕ್ಕೂ ಇದೇ ನಿಶ್ಶಸ್ತ್ರೀಕರಣ ಒಂದು ಕಾರಣ.

ಇತ್ತ ಕೊಡಗಿನಲ್ಲಿ ಇದೇ ಸರ್ಕಾರ ಬೇರೆ ದಾರಿ ಹಿಡಿಯಿತು. ನಿಷ್ಠೆಗೆ ಮೆಚ್ಚಿಗೆಯಾಗಿ 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟ. 1878ರ ಶಸ್ತ್ರಾಸ್ತ್ರ ಕಾಯ್ದೆ ದೇಶದ ಉಳಿದೆಲ್ಲ ಕಡೆ ಲೈಸೆನ್ಸನ್ನು ಕಡ್ಡಾಯ ಮಾಡಿದಾಗಲೂ ಆ ವಿನಾಯಿತಿ ಉಳಿಯಿತು. ಘಟ್ಟದ ಆಚೆ ಮಲಬಾರಿನ ಏರನಾಡು, ವಳ್ಳುವನಾಡು ಕಡೆ 1885ರಲ್ಲಿ ಸರ್ಕಾರ ಮನೆಮನೆಯ ಆಯುಧ ಸಂಗ್ರಹಿಸಿತು. ಅಕ್ಕಪಕ್ಕದ ಎರಡು ಸೀಮೆ, ಎರಡು ನ್ಯಾಯ.

.303 ಎಂಬ ನಂಬರು

ದಂಗೆಯ ನಂತರ ಭಾರತೀಯ ಸಿಪಾಯಿಗಳಿಗೆ ತಿರುಪು ಗೆರೆಯಿಲ್ಲದ ನುಣುಪು ನಳಿಗೆಯ ಬಂದೂಕು ಕೊಟ್ಟರು. ದೂರಕ್ಕೂ ಗುರಿಗೂ ಅದು ರೈಫಲ್ಲಿನ ಸಮಕ್ಕೆ ಬರುವುದಿಲ್ಲ. ಅಲ್ಲಿಂದ ಮುಂದೆ ಬಿಳಿಯ ಸೈನಿಕನಿಗಿಂತ ಒಂದು ತಲೆಮಾರು ಹಿಂದಿನ ಕೋವಿ ಕರಿಯ ಸೈನಿಕನಿಗೆ ಎಂಬುದು ದಶಕಗಳ ಕಾಲ ನಡೆದುಬಂದ ಪದ್ಧತಿ. ಬಿಳಿಯನಿಗೆ ಮಾರ್ಟಿನಿ-ಹೆನ್ರಿ ಸಿಕ್ಕಿದಾಗ ಸಿಪಾಯಿಗಳ ಕೈಯಲ್ಲಿ ಸ್ನೈಡರ್. ಬಿಳಿಯನಿಗೆ ಲೀ-ಮೆಟ್‌ಫರ್ಡ್ ಬಂದಾಗ ಸಿಪಾಯಿಗಳಿಗೆ ಮಾರ್ಟಿನಿ.

ಚೇಂಬರಿನ ಪಾಠವನ್ನು ಬ್ರಿಟಿಷರಿಗೆ ಕಲಿಸಿದ್ದು ಮಾರ್ಟಿನಿ-ಹೆನ್ರಿ. ಅದರ ತೋಟಾ ಬಿಂದಿಗೆಯ ಆಕಾರದ್ದು, ಬುಡ ದಪ್ಪ, ಬಾಯಿ .450 ಅಂಗುಲ. ಮೊದಮೊದಲು ಅದನ್ನು ತೆಳ್ಳನೆಯ ಹಿತ್ತಾಳೆಯ ತಗಡು ಸುತ್ತಿ ಮಾಡುತ್ತಿದ್ದರು. ಸುಡಾನಿನ ಮರಳಿನಲ್ಲಿ, ಬಿಸಿಯೇರಿದ ಚೇಂಬರಿನಲ್ಲಿ, ಆ ತಗಡು ಕಚ್ಚಿಕೊಂಡು ಹರಿದುಹೋಗುತ್ತಿತ್ತು. 1885ರ ಅಬು ಕ್ಲಿಯಾ ಕಾಳಗದಲ್ಲಿ ಕೋವಿಗಳು ಸಿಕ್ಕಿಕೊಂಡು ಸೈನಿಕರು ಪರದಾಡಿದರು. ಆಮೇಲೆ ಇಡೀ ಹಿತ್ತಾಳೆಯನ್ನು ಎಳೆದು ಮಾಡಿದ ಗಟ್ಟಿ ತೋಟಾ ಬಂತು.

1888ರಲ್ಲಿ ಲೀ-ಮೆಟ್‌ಫರ್ಡ್ ರೈಫಲ್ ಜೊತೆಗೆ .303 ತೋಟಾ ಹುಟ್ಟಿತು. ಬುಡಕ್ಕೆ ಅಗಲವಾದ ಅಂಚು, 56 ಮಿಲಿಮೀಟರಿಗೆ ತುಸು ಹೆಚ್ಚಿನ ಕೊಳವೆ. ಮೊದಲು ಕಪ್ಪು ಮದ್ದು, 1891ರಿಂದ ಹೊಗೆ ಕಾರದ ಕಾರ್ಡೈಟ್. 1895ರಲ್ಲಿ ನಳಿಗೆಯ ಗೆರೆಗಳು ಬದಲಾಗಿ ಕೋವಿ ಲೀ-ಎನ್‌ಫೀಲ್ಡ್ ಆಯಿತು. ತೋಟಾ ಮಾತ್ರ ಹೊರ ಅಳತೆಯಲ್ಲಿ ಹಾಗೇ ಉಳಿಯಿತು. ಅದರ ಸುತ್ತ ಭಾರತದಲ್ಲಿ ಒಂದು ಉದ್ಯಮವೇ ಬೆಳೆಯಿತು. ಪುಣೆಯ ಬಳಿಯ ಖಡಕಿಯಲ್ಲಿ 1869ರಿಂದ ತೋಟಾ ಕಾರ್ಖಾನೆಯಿತ್ತು. ಬಂಗಾಳದ ಇಚ್ಛಾಪುರದಲ್ಲಿ 1904ರ ಹೊತ್ತಿಗೆ ರೈಫಲ್ ಕಾರ್ಖಾನೆ ಎದ್ದಿತು. ನೀಲಗಿರಿಯ ಅರುವಂಕಾಡಿನಲ್ಲಿ, ಕೂನೂರಿನ ಕೆಳಗೆ, 1903ರಲ್ಲಿ ಕಾರ್ಡೈಟ್ ಕಾರ್ಖಾನೆ ಶುರುವಾಯಿತು. ಬಡಗರ ಹಟ್ಟಿಗಳ ನಡುವಿನ ಆ ಕಣಿವೆಯ ಮದ್ದು ಸಾಮ್ರಾಜ್ಯದ ಯುದ್ಧಗಳಿಗೆ ಹೋಯಿತು.

ಕಲ್ಕತ್ತೆಯ ಬಳಿಯ ಡಂಡಂ ಆಯುಧಾಗಾರದ ಹೆಸರು ಜಗತ್ತಿನ ಬಾಯಿಗೆ ಬಿದ್ದದ್ದೂ ಈ ತೋಟಾದಿಂದಲೇ. ಗಡಿನಾಡಿನ ಪಠಾಣರ ಮೇಲೆ ಹೊಡೆದ .303 ಗುಂಡು ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ, ಮನುಷ್ಯ ಬೀಳುವುದಿಲ್ಲ ಎಂಬ ದೂರು ಬಂದಾಗ, ಕ್ಯಾಪ್ಟನ್ ಬರ್ಟಿ-ಕ್ಲೇ ಗುಂಡಿನ ಮೂತಿಯ ಲೋಹದ ಹೊದಿಕೆಯನ್ನು ತೆಗೆದು ಸೀಸ ಕಾಣುವಂತೆ ಮಾಡಿಸಿದ. ಮೈಗೆ ತಾಗಿದೊಡನೆ ಅದು ಅರಳಿ ಭೀಕರ ಗಾಯ ಮಾಡುತ್ತಿತ್ತು. ಕೋವಿಯಲ್ಲಿ ಯಾವ ಬದಲಾವಣೆಯೂ ಬೇಕಾಗಲಿಲ್ಲ, ಅದೇ ಚೇಂಬರಿನಲ್ಲಿ ಅದೂ ಕೂರುತ್ತಿತ್ತು. 1899ರ ಹೇಗ್ ಘೋಷಣೆ ಅಂಥ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿತು. ತೋಟಾ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಉಕ್ಕು ಉತ್ತರ ಕೊಡುತ್ತದೆ. ಹೊಡೆಯಬಹುದೇ ಎಂಬುದಕ್ಕೆ ಉತ್ತರ ಬೇರೆ ಕಡೆಯಿಂದ ಬರಬೇಕು.

ಒಂದೇ ನಂಬರಿನ ತೋಟಾ ಒಂದೇ ನಂಬರಿನ ಎಲ್ಲ ಕೋವಿಗೂ ಹೊಂದಬೇಕೆಂದಿಲ್ಲ ಎಂಬುದನ್ನು ಮೊದಲ ಮಹಾಯುದ್ಧ ತೋರಿಸಿತು. ಕೆನಡಾದ ಸೈನಿಕರು ತಮ್ಮದೇ ರಾಸ್ ರೈಫಲ್ ಹಿಡಿದು ಬಂದಿದ್ದರು. ಅದೂ .303. ಗುರಿ ನಿಖರವಾಗಿರಲೆಂದು ಅದರ ಚೇಂಬರನ್ನು ಬಿಗಿಯಾಗಿ ಕೊರೆದಿದ್ದರು. ಬ್ರಿಟಿಷ್ ಲೀ-ಎನ್‌ಫೀಲ್ಡಿನ ಚೇಂಬರ್ ಸಡಿಲ, ಕೆಸರು ಮೆತ್ತಿದ ತೋಟಾವನ್ನೂ ಅದು ನುಂಗುತ್ತಿತ್ತು. 1915ರಲ್ಲಿ ಈಪ್ರ್‌ನ ಕಂದಕಗಳಲ್ಲಿ ಬ್ರಿಟಿಷ್ ಕಾರ್ಖಾನೆಯ ಒರಟು ತೋಟಾಗಳು ರಾಸ್ ಕೋವಿಗಳಲ್ಲಿ ಸಿಕ್ಕಿಕೊಂಡವು. ಸೈನಿಕರು ಬೋಲ್ಟನ್ನು ಬೂಟುಗಾಲಿನಿಂದ ಒದೆಯಬೇಕಾಯಿತು. ಸತ್ತ ಬ್ರಿಟಿಷರ ಕೋವಿ ಎತ್ತಿಕೊಂಡು ತಮ್ಮದನ್ನು ಎಸೆದವರೂ ಇದ್ದರು. 1916ರಲ್ಲಿ ರಾಸ್ ರಣರಂಗದಿಂದ ಹೊರಬಿತ್ತು.

ಶಿಕಾರಿಯವರ ಅಡ್ಡದಾರಿ

ಈಗ ಸರ್ಕಾರಕ್ಕೊಂದು ಹೊಸ ಭಯ. ಸೇನೆಯ ತೋಟಾ ಕದ್ದುಹೋದರೆ? 1907ರ ಸುಮಾರಿಗೆ .450 ಬೋರಿನ ಕೋವಿ, ತೋಟಾಗಳನ್ನು ಭಾರತಕ್ಕೆ ತರಕೂಡದು ಎಂಬ ನಿರ್ಬಂಧ ಬಂತು. ಗಡಿಯಲ್ಲಿ, ಬಂಡುಕೋರರ ಕೈಯಲ್ಲಿ, ಹಳೆಯ ಮಾರ್ಟಿನಿ-ಹೆನ್ರಿಗಳು ಬೇಕಾದಷ್ಟಿದ್ದವು. ಅವುಗಳ ಗುಂಡೂ .450. ಆನೆ, ಕಾಟಿ ಹೊಡೆಯುವ ದೊರೆಗಳ ಜೋಡಿನಳಿಗೆ ರೈಫಲ್ಲಿನ ತೋಟಾ ಮಾರ್ಟಿನಿಯ ಚೇಂಬರಿನೊಳಗೆ ಹೋಗುವಂಥದ್ದೇ ಅಲ್ಲ, ಆಕಾರವೇ ಬೇರೆ. ಆದರೆ ಗುಂಡನ್ನು ಕಿತ್ತು ಬೇರೆ ತೋಟಾಕ್ಕೆ ಕೂರಿಸಬಹುದೆಂಬ ಅಂಜಿಕೆ. ಹುಕುಂ ಬೋರನ್ನು ಮಾತ್ರ ನೋಡಿತು.

ಲಂಡನ್ನಿನ ಕೋವಿ ತಯಾರಕರು ಇದಕ್ಕೆ ಕೊಟ್ಟ ಉತ್ತರ ಸರಳ. ನಂಬರು ಬದಲಿಸಿದರು. .470, .475 ಬಂದವು. ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ .465 ತಂದಿತು. ಅಂಗುಲದ ನೂರರಲ್ಲಿ ಒಂದೆರಡು ಪಾಲು ಹೆಚ್ಚು, ಕೆಲಸ ಅದೇ. ಜಗತ್ತಿನ ಹೆಸರಾಂತ ಬೇಟೆಯ ತೋಟಾಗಳಲ್ಲಿ ಕೆಲವು ಹೀಗೆ ಭಾರತದ ಒಂದು ಸರ್ಕಾರಿ ನಿರ್ಬಂಧದಿಂದ ಹುಟ್ಟಿದವು ಅಥವಾ ಬೆಳೆದವು.

.303 ಸೇನೆಯದಾದ್ದರಿಂದ ಸಾಮಾನ್ಯರಿಗೆ ಅದೂ ದೂರ. ಇಲ್ಲೂ ಅಡ್ಡದಾರಿ ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿ ಅದೇ ಲೀ-ಎನ್‌ಫೀಲ್ಡಿನ ಯಂತ್ರಭಾಗ ಇಟ್ಟುಕೊಂಡು, ನಳಿಗೆ ಮತ್ತು ಚೇಂಬರನ್ನು ಮಾತ್ರ ಬೇರೆ ತೋಟಾಕ್ಕೆ ಕೊರೆದು ಭಾರತಕ್ಕೆ ಕಳಿಸಿತು. ಆ ತೋಟಾ ಆಸ್ಟ್ರಿಯಾ-ಹಂಗೆರಿಯ ಸೇನೆಯದು, 8 ಮಿಲಿಮೀಟರ್ ಮ್ಯಾನ್‌ಲಿಕರ್, ಕೊಳವೆಯ ಉದ್ದ 50 ಮಿಲಿಮೀಟರ್. ಎಂಟು ಮಿಲಿಮೀಟರನ್ನು ಅಂಗುಲಕ್ಕೆ ತಿರುಗಿಸಿದರೆ .315. ಇಲ್ಲಿನ ಯಾವ ಶಸ್ತ್ರಾಗಾರದಲ್ಲೂ ಆ ತೋಟಾ ಇರಲಿಲ್ಲ, ಆದ್ದರಿಂದ ಕದಿಯಲು ಜಾಗವಿಲ್ಲ. ಕೋವಿ ಸೇನೆಯದೇ, ಮನೆ ಮಾತ್ರ ಬೇರೆ. ಸ್ವಾತಂತ್ರ್ಯದ ನಂತರ ಇಚ್ಛಾಪುರದ ಕಾರ್ಖಾನೆ ಅದನ್ನೇ .315 ಸ್ಪೋರ್ಟಿಂಗ್ ರೈಫಲ್ ಎಂದು ಮಾಡಿ ಮಾರಿತು. ಹುಟ್ಟಿದ ದೇಶದಲ್ಲಿ ಹಳತಾಗಿ ಮೂಲೆ ಸೇರಿದ ತೋಟಾ ಭಾರತದ ಲೈಸೆನ್ಸುದಾರನ ತೋಟಾ ಆಗಿ ಉಳಿದುಬಿಟ್ಟಿತು.

ಹೆಸರು ಬೇರೆಯಾದರೂ ಮನೆ ಒಂದೇ ಇರುವ ಉದಾಹರಣೆಗಳೂ ಇವೆ. 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಹೊಡೆದದ್ದಕ್ಕೆ ಜಿಮ್ ಕಾರ್ಬೆಟ್ಟನಿಗೆ ಉಡುಗೊರೆ ಸಿಕ್ಕ .275 ರಿಗ್ಬಿ ರೈಫಲ್ಲಿನ ತೋಟಾ ಬೇರೇನೂ ಅಲ್ಲ, ಜರ್ಮನರ 7 ಮಿಲಿಮೀಟರ್ ಮೌಸರ್. ಇಂಗ್ಲಿಷ್ ಗಿರಾಕಿಗೆಂದು ಹೆಸರು ಬದಲಿಸಿದ್ದರು, ಅಷ್ಟೆ.

ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ ಕನ್ನಡದ ಓದುಗರಿಗೆ ಮನೆಯವನಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿದದ್ದು .405 ವಿಂಚೆಸ್ಟರ್. 1895ರ ಮಾದರಿಯ ಅಮೆರಿಕನ್ ಕೋವಿ, ತೋಟಾ ಬಂದದ್ದು 1904ರಲ್ಲಿ. ಬೋರು .450 ಅಲ್ಲ, .303ಯೂ ಅಲ್ಲ, ಆದ್ದರಿಂದ ಯಾವ ನಿರ್ಬಂಧಕ್ಕೂ ಸಿಕ್ಕದು. ಆದರೆ ಬೇರೆ ಯಾವ ಕೋವಿಯ ತೋಟಾವೂ ಅದಕ್ಕೆ ಆಗದು. ಎರಡನೇ ಮಹಾಯುದ್ಧಕ್ಕೆ ಮೊದಲೇ ವಿಂಚೆಸ್ಟರ್ ಕಂಪನಿ ಆ ಕೋವಿ ಮಾಡುವುದನ್ನು ಬಿಟ್ಟಿತ್ತು. ಅಂಥ ಕೋವಿ ನೆಚ್ಚಿಕೊಂಡವನಿಗೆ ಒಂದೊಂದು ತೋಟಾವೂ ಲೆಕ್ಕದ್ದು.

ಬೇಕೆಂದೇ ಹೊಂದದಂತೆ ಮಾಡಿದ ಕೋವಿ

ಬೋರು ನೋಡಿದರೆ ಸಾಲದು, ಚೇಂಬರ್ ನೋಡಬೇಕು ಎಂಬ ತಿಳಿವಳಿಕೆ ಸರ್ಕಾರಕ್ಕೂ ಬಂತು. ಅದಕ್ಕೆ ಸಾಕ್ಷಿ .410 ಮಸ್ಕೆಟ್. ಮೊದಲ ಮಹಾಯುದ್ಧದ ನಂತರ ಇಚ್ಛಾಪುರದಲ್ಲಿ ಹಳೆಯ .303 ರೈಫಲ್‌ಗಳ ನಳಿಗೆಯನ್ನು ಕೊರೆದು ಅಗಲ ಮಾಡಿ, ಗೆರೆಗಳನ್ನು ಅಳಿಸಿ, ಮ್ಯಾಗಜಿನ್ನಿನ ಜಾಗ ಮುಚ್ಚಿ, ಒಂದೊಂದೇ ತೋಟಾ ಹಾಕಿ ಹೊಡೆಯುವ ಕೋವಿಗಳನ್ನು ಮಾಡಿದರು. ಇವು ಜೈಲಿನ ಕಾವಲುಗಾರರಿಗೆ, ಪೊಲೀಸರಿಗೆ. ಇದರ ತೋಟಾ .303ರ ಹಿತ್ತಾಳೆಯನ್ನೇ ಕತ್ತು ಕಿರಿದು ಮಾಡದೆ ನೇರವಾಗಿ ಬಿಟ್ಟದ್ದು.

ಹೊರಗಿನಿಂದ ನೋಡಿದರೆ ಅದು ಸೇನೆಯ ರೈಫಲ್ಲೇ. ಆದರೆ ಗಲಭೆಯಲ್ಲಿ ಯಾರಾದರೂ ಅದನ್ನು ಕಸಿದುಕೊಂಡರೆ ಸೇನೆಯ .303 ಅದಕ್ಕೆ ಉಪಯೋಗಕ್ಕೆ ಬಾರದು. ಅಂಗಡಿಯಲ್ಲಿ ಸಿಗುವ .410 ಚರೆ ತೋಟಾದ ಅಳತೆಯೂ ಬೇರೆ. ಹೆಸರು ಒಂದೇ ಇದ್ದರೂ ಮಸ್ಕೆಟ್ಟಿನ ಚೇಂಬರಿಗೆ ಅದು ಸರಿಯಾದದ್ದಲ್ಲ. ತನ್ನದೇ ಪೊಲೀಸನ ಕೈಗೆ ಕೊಡುವ ಕೋವಿಯನ್ನು ಬೇರೆ ಯಾವ ತೋಟಾಕ್ಕೂ ಹೊಂದದಂತೆ ಸರ್ಕಾರ ಬೇಕೆಂದೇ ಮಾಡಿಸಿತು. ಹಲಗಲಿಯಲ್ಲಿ ಕೋವಿ ಕಸಿಯಲು ದಂಡು ಕಳಿಸಿ ಊರು ಸುಡಬೇಕಾಗಿತ್ತು. ಇಲ್ಲಿ ಒಂದು ಕೊರೆಯುವ ಯಂತ್ರ ಸಾಕಾಯಿತು.

ಕಾನೂನು ಚೇಂಬರಿನೊಳಗೆ ಇಣುಕಿದಾಗ

ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ಕಾಯ್ದೆ 1959ರದು, ಅದರಡಿ ಮೊದಲು ಬಂದ ನಿಯಮಗಳು 1962ರವು. ಆ ನಿಯಮಗಳ ಮೊದಲ ಅನುಸೂಚಿಯಲ್ಲಿ ಸಾಮಾನ್ಯರಿಗೆ ಸಿಗದ ಬೋರುಗಳ ಪಟ್ಟಿಯಿತ್ತು. .303 ಮತ್ತು 7.62 ಮಿಲಿಮೀಟರಿನ ರೈಫಲ್‌ಗಳಷ್ಟೇ ಅಲ್ಲ, ಆ ಸೇನಾ ತೋಟಾಗಳನ್ನು ಚೇಂಬರಿನಲ್ಲಿ ಕೂರಿಸಿ ಹೊಡೆಯಬಲ್ಲ ಬೇರೆ ಯಾವ ಬೋರಿನ ರೈಫಲ್ಲೂ ಅದರಲ್ಲಿ ಸೇರುತ್ತಿತ್ತು. .410 ಮಸ್ಕೆಟ್‌ಗೂ ಅದೇ ಮಾತು. ಪಿಸ್ತೂಲು, ರಿವಾಲ್ವರುಗಳ ಸಾಲಿನಲ್ಲಿ .380, .455 ಮತ್ತು ಸೇನೆಯ 9 ಮಿಲಿಮೀಟರ್ ತೋಟಾ ಹಾಕಬಲ್ಲವು ಸೇರುತ್ತಿದ್ದವು. 1907ರ ಹುಕುಂ ಬೋರನ್ನು ನೋಡಿ ಮೋಸಹೋಗಿತ್ತು. 1962ರ ನಿಯಮ ನೇರವಾಗಿ ಚೇಂಬರಿನ ಅಳತೆಯನ್ನೇ ಕೇಳಿತು. ಕೋವಿಯ ಮೇಲೆ ಏನು ಕೆತ್ತಿದೆ ಎಂಬುದು ಮುಖ್ಯವಲ್ಲ, ಅದರೊಳಗೆ ಏನು ಕೂರುತ್ತದೆ ಎಂಬುದು ಮುಖ್ಯ. ಬ್ರಿಟಿಷರ ಭಯ ಸ್ವತಂತ್ರ ಸರ್ಕಾರಕ್ಕೆ ಹೀಗೆ ಬಳುವಳಿಯಾಗಿ ಬಂತು, ಇನ್ನಷ್ಟು ಕರಾರುವಾಕ್ಕಾಗಿ.

ಅದೇ 1962ರ ಚಳಿಗಾಲದಲ್ಲಿ ಚೀನಾದ ಸ್ವಯಂಚಾಲಿತ ಆಯುಧಗಳ ಎದುರು ಭಾರತದ ಸೈನಿಕರು .303 ಹಿಡಿದು ನಿಂತಿದ್ದರು, ಪ್ರತಿ ಈಡಿಗೂ ಬೋಲ್ಟ್ ಎಳೆದು ತಳ್ಳುತ್ತ. ಸೋಲಿನ ನಂತರ ಸೇನೆ ನ್ಯಾಟೋ ದೇಶಗಳ 7.62 ಮಿಲಿಮೀಟರಿನ, 51 ಮಿಲಿಮೀಟರ್ ಕೊಳವೆಯ ತೋಟಾದ ಕಡೆ ಬೇಗ ಬೇಗ ಹೊರಳಿತು. ಹೊಸ ಸೆಲ್ಫ್ ಲೋಡಿಂಗ್ ರೈಫಲ್ ಎಲ್ಲರ ಕೈಗೂ ತಲುಪಲು ಸಮಯ ಬೇಕಿತ್ತು. ಆ ಮಧ್ಯೆ ಇಚ್ಛಾಪುರದವರು ತಮ್ಮ ಹಳೆಯ ಲೀ-ಎನ್‌ಫೀಲ್ಡಿನ ಆಕಾರದಲ್ಲೇ ಹೊಸ ತೋಟಾದ ಒಂದು ರೈಫಲ್ ಮಾಡಿದರು, ಅದೇ 2ಎ ಮತ್ತು 2ಎ1. ಇದು ಸುಲಭದ ಕೆಲಸವಲ್ಲ. .303ಕ್ಕೆ ಅಂಚು ಉಂಟು, ಹೊಸದಕ್ಕೆ ಇಲ್ಲ. ಅದು ಬುಡದ ಅಂಚಿನ ಮೇಲೆ ನಿಲ್ಲುತ್ತದೆ, ಇದು ಭುಜದ ಮೇಲೆ. ಇದರ ಒತ್ತಡವೂ ಹೆಚ್ಚು. ಆದ್ದರಿಂದ ಹಳೆಯ ಕೋವಿಗೆ ಹೊಸ ನಳಿಗೆ ಸಿಕ್ಕಿಸದೆ, ಇನ್ನೂ ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಕೋವಿ ಮಾಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ, ಆದರೆ ಒಬ್ಬನ ಅನ್ನ ಇನ್ನೊಬ್ಬನಿಗೆ ವಿಷ.

ನಂಬರನ್ನೇ ನಂಬಿದರೆ ಕೆಡುತ್ತೇವೆ ಎಂಬುದಕ್ಕೆ ಇಂದಿನ ಭಾರತೀಯ ಸೇನೆಯೇ ಸಾಕ್ಷಿ. 2019ರಲ್ಲಿ ಅಮೆರಿಕದಿಂದ ತರಿಸಲು ಒಪ್ಪಂದವಾದ 72,400 ಸಿಗ್ 716 ರೈಫಲ್‌ಗಳ ತೋಟಾ 7.62, ಕೊಳವೆ 51 ಮಿಲಿಮೀಟರ್. ಎಕೆ ಮಾದರಿಯ ಕೋವಿಗಳದೂ 7.62, ಕೊಳವೆ 39. ಡ್ರಾಗುನೋವ್ ರೈಫಲ್ಲಿನದೂ 7.62, ಕೊಳವೆ 54, ಜೊತೆಗೆ ಅಂಚು. ಮೂರಕ್ಕೂ ಹೆಸರಿನ ಮೊದಲರ್ಧ ಒಂದೇ, ಮೂರು ಚೇಂಬರುಗಳೂ ಬೇರೆ ಬೇರೆ. ತಿರುವನಂತಪುರದಲ್ಲಿ ಉಳ್ಳೂರಿಗೆ ಹೆಚ್ಚು ದೂರವಿಲ್ಲದ ವಟ್ಟಿಯೂರ್‌ಕಾವಿನ ಶೂಟಿಂಗ್ ರೇಂಜನ್ನು 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜು ಮಾಡಿದರು. ಐವತ್ತು ಮೀಟರ್ ಸ್ಪರ್ಧೆಗಳಲ್ಲಿ ಹೊಡೆಯುವ .22 ತೋಟಾದ ಗುಂಡು 5.6 ಮಿಲಿಮೀಟರ್. ಸೇನೆಯ ಇನ್ಸಾಸ್ ರೈಫಲ್ಲಿನದು 5.56. ಓದಲು ಒಂದೇ ಎನಿಸುತ್ತದೆ. ಒಂದು ಕಿರುಬೆರಳ ತುದಿಯಷ್ಟು, ಕಾಗದದ ಗುರಿಗೆಂದು ಮಾಡಿದ್ದು. ಇನ್ನೊಂದು ಯುದ್ಧದ್ದು, ಕೊಳವೆಯೇ 45 ಮಿಲಿಮೀಟರ್.

ಮನೆಯ ಹನ್ನೆರಡು ಬೋರು

ರೈಫಲ್‌ಗಳ ಈ ಗದ್ದಲದಿಂದ ದೂರ ಉಳಿದದ್ದು ಮಲೆನಾಡು, ಕೊಡಗಿನ ಹನ್ನೆರಡು ಬೋರಿನ ಚರೆ ಕೋವಿ. ಹನ್ನೆರಡು ಎಂಬುದು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮನಾದ ಗುಂಡು ಮಾಡಿದರೆ ಒಂದೊಂದು ಗುಂಡು ಹಿಡಿಸುವ ನಳಿಗೆ ಹನ್ನೆರಡು ಬೋರು. ಇಪ್ಪತ್ತು ಗುಂಡು ಮಾಡಿದರೆ ಇಪ್ಪತ್ತು ಬೋರು. ಅದಕ್ಕೇ ನಂಬರು ದೊಡ್ಡದಾದಷ್ಟೂ ನಳಿಗೆ ಸಣ್ಣದು.

ಇಲ್ಲೂ ಚೇಂಬರ್ ತನ್ನ ಆಟ ಬಿಡುವುದಿಲ್ಲ. ಅಜ್ಜನ ಕಾಲದ ಇಂಗ್ಲಿಷ್ ಜೋಡಿನಳಿಗೆ ಕೋವಿಗಳಲ್ಲಿ ಅನೇಕವಕ್ಕೆ ಎರಡೂವರೆ ಅಂಗುಲದ, ಅಂದರೆ 65 ಮಿಲಿಮೀಟರಿನ ಚೇಂಬರ್. ಈಚಿನ ತೋಟಾಗಳಲ್ಲಿ ಬಹಳಷ್ಟು 70 ಮಿಲಿಮೀಟರ್. ಹೊಡೆಯುವ ಮೊದಲು ತೋಟಾದ ಬಾಯಿ ಒಳಕ್ಕೆ ಮಡಚಿಕೊಂಡಿರುವುದರಿಂದ ಉದ್ದದ್ದೂ ಗಿಡ್ಡ ಚೇಂಬರಿನೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿ ನಳಿಗೆಯ ಕಿರಿದಾದ ಜಾಗಕ್ಕೆ ಚಾಚುತ್ತದೆ, ಚರೆ ಹೋಗುವ ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ. ಕಬ್ಬಿಣದ ಪಟ್ಟಿ ಹೆಣೆದು ಮಾಡಿದ ಹಳೆಯ ಡಮಾಸ್ಕಸ್ ನಳಿಗೆಗೆ ಅದು ತಾಳಲಾರದ ಹೊರೆ. ಹೋಗಿ ಕೂತಿತು ಎಂದರೆ ಹೊಂದಿತು ಎಂದಲ್ಲ. ಇಪ್ಪತ್ತು ಬೋರಿನ ತೋಟಾವನ್ನು ಮರೆತು ಹನ್ನೆರಡು ಬೋರಿಗೆ ಹಾಕಿದರೆ ಅದು ಒಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಚೇಂಬರ್ ಖಾಲಿ ಕಾಣುತ್ತದೆ, ಹಿಂದಿನಿಂದ ಇನ್ನೊಂದು ತೋಟಾವೂ ಕೂರುತ್ತದೆ. ಇದರಿಂದ ನಳಿಗೆ ಸೀಳಿ ಬೆರಳು ಕಳೆದುಕೊಂಡವರಿದ್ದಾರೆ. ಇಪ್ಪತ್ತು ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದೇ ಕಾರಣಕ್ಕೆ.

ಉಳಿದ ಲೆಕ್ಕ

2020ರ ಗಣರಾಜ್ಯೋತ್ಸವದಲ್ಲಿ ಉತ್ತರ ಪ್ರದೇಶದ ಪೊಲೀಸರು .303ಕ್ಕೆ ವಿದಾಯ ಹೇಳಿದರು. 1888ರಲ್ಲಿ ಹುಟ್ಟಿದ ತೋಟಾ 132 ವರ್ಷ ಬಾಳಿತು. ಖಡಕಿ, ಇಚ್ಛಾಪುರ, ಅರುವಂಕಾಡಿನ ಕಾರ್ಖಾನೆಗಳು 2021ರ ಅಕ್ಟೋಬರಿನಲ್ಲಿ ಸರ್ಕಾರಿ ಕಂಪನಿಗಳಾಗಿ ಬೇರೆ ಬೇರೆ ಬಾಗಿಲು ಸೇರಿದವು.

.315ರ ಕಥೆ ಹೆಚ್ಚು ಕಹಿಯಾದದ್ದು. ಬಂಡುಕೋರರ ಕೈಗೆ ತೋಟಾ ಸಿಗಬಾರದೆಂದು ಆರಿಸಿದ ಅಳತೆ ಅದು. ಆದರೆ ಲೈಸೆನ್ಸಿನ ಹೆಸರಿನಲ್ಲಿ ಪೇಟೆಯಲ್ಲಿ ಹೆಚ್ಚು ಓಡಾಡಿದ ರೈಫಲ್ ತೋಟಾ ಅದೇ ಆದ್ದರಿಂದ, ಉತ್ತರ ಭಾರತದ ಕಳ್ಳ ಕಾರ್ಖಾನೆಗಳ ದೇಸಿ ಕಟ್ಟಾಗಳ ಅಳತೆಯೂ ಅದೇ ಆಯಿತು. ಅಲ್ಲಿನ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ .315 ಬೋರು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಚೇಂಬರಿನ ಅಳತೆಯಿಂದ ಸೇನೆಯ ತೋಟಾವನ್ನು ಕಾಯಬಹುದು, ಮನುಷ್ಯನ ಕೈಯನ್ನು ಕಾಯಲಾಗದು.

ಕೊಡಗಿನ ವಿನಾಯಿತಿ ಇನ್ನೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಜಾತಿಯ ಮೇಲೆ, ಜಮ್ಮಾ ಹಿಡುವಳಿಯ ಮೇಲೆ ಕೊಟ್ಟ ಈ ರಿಯಾಯಿತಿ ಸಮಾನತೆಗೆ ವಿರುದ್ಧ ಎಂದು ಸಲ್ಲಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕೊಡಗಿನ ಗಡಿ ದಾಟಿದರೆ ಮಲೆನಾಡಿನ ಅಡಿಕೆ, ಕಾಫಿ ಬೆಳೆಗಾರ ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸಿನಲ್ಲಿ ಬೋರಿನ ಜೊತೆಗೆ ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದು ಎಂಬುದನ್ನೂ ಬರೆದಿರುತ್ತಾರೆ. ಚುನಾವಣೆ ಬಂತೆಂದರೆ ಅವನ ಕೋವಿ ಠಾಣೆಗೆ ಹೋಗುತ್ತದೆ, ಹಂದಿಗಳು ತೋಟಕ್ಕೆ ಬರುತ್ತವೆ.

ಕನ್ನಿಕೋಂಬರೆಯ ಆ ಸಾಲಿನಲ್ಲಿ ಕೆಲವು ಕೋವಿಗಳಿಗೆ ಈಗ ತೋಟಾ ಸಿಗುವುದಿಲ್ಲ. ಮಾಡುವ ಕಾರ್ಖಾನೆ ನಿಂತಿದೆ, ಬೇರೆಯದು ಆ ಮನೆಯಲ್ಲಿ ಕೂರುವುದಿಲ್ಲ. ನಳಿಗೆ ಹೊಳೆಯುತ್ತದೆ, ಬೋಲ್ಟ್ ಸಲೀಸಾಗಿ ಓಡುತ್ತದೆ, ಹೂ ಮುಡಿಸುತ್ತಾರೆ. ಅವುಗಳ ಪಕ್ಕದಲ್ಲೇ ಮೂಲೆಗೆ ಒರಗಿದ ಕೇಪಿನ ಕೋವಿ ಮಾತ್ರ ಯಾವ ನಂಬರಿನ ಹಂಗೂ ಇಲ್ಲದೆ ಇವತ್ತಿಗೂ ಒಂದು ಈಡು ಹೊಡೆಯಬಲ್ಲದು.